ದೇವರೋ ದೆವ್ವವೋ ಅಂತ ಹೇಳೋರು ಯಾರು?

ಹೆಂಗಸರ ಮೈಮೇಲೆ ದೇವರು ಬರುವುದು ನಮ್ಮ ಮಂಡ್ಯ ಕಡೆಯವರಿಗೆ ಹೊಸ ವಿಷಯ ಏನಲ್ಲ. ಮಾರಿಹಬ್ಬದಲ್ಲಿ ತಮಟೆ ಏಟು ಜೋರಾದ ಕೂಡಲೇ ಗುಂಪಿನಲ್ಲಿ ಯಾರದೋ ತುರುಬು ಬಿಚ್ಚಿಕೊಳ್ಳುತ್ತದೆ, ಅಕ್ಕಪಕ್ಕದವರು ಸರಿದು ಜಾಗ ಬಿಡುತ್ತಾರೆ, ಒಬ್ಬರು ಓಡಿಹೋಗಿ ಬೇವಿನ ಸೊಪ್ಪು ತರುತ್ತಾರೆ. ಚಿಕ್ಕ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿದುಕೊಳ್ಳುತ್ತವೆ. ಬೆಳಿಗ್ಗೆ ನೋಡಿದರೆ ಅದೇ ಹೆಂಗಸು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುತ್ತಾಳೆ. ರಾತ್ರಿ ಅವಳ ಕಾಲಿಗೆ ಬಿದ್ದವರೇ "ಏಯ್, ಕಾಫಿ ಎಲ್ಲಿ" ಅಂತ ಜಗಲಿಯಿಂದ ಕೂಗುತ್ತಿರುತ್ತಾರೆ.

ನಾನು ಮಳವಳ್ಳಿ ಕಡೆಯ ಹಳ್ಳಿಯವಳು, ಈಗ ಇರುವುದು ಮೈಸೂರಿನಲ್ಲಿ. ಸ್ವಲ್ಪ ದಿನಗಳಿಂದ ಏಷ್ಯಾದ ಬೇರೆ ಬೇರೆ ಕಡೆಯ ಇಂಥ ಹೆಂಗಸರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಶುರುವಾಗಿದ್ದು ಕೊರಿಯನ್ ಸೀರಿಯಲ್ ನೋಡಿ, ಸುಳ್ಳು ಯಾಕೆ ಹೇಳಲಿ. ಪುಸ್ತಕದವರು ಇವರನ್ನೆಲ್ಲ ಷಾಮನ್ ಅನ್ನುತ್ತಾರೆ. ಓದುತ್ತಾ ಹೋದ ಹಾಗೆ, ದೇವರು ನಿಜವಾಗಲೂ ಬರುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ನನಗೆ ಬೇಜಾರಾಗಿಬಿಟ್ಟಿತು. ಅದರ ಬಗ್ಗೆ ಜಗಳ ಆಡುವವರು ಬೇಕಾದಷ್ಟು ಜನ ಇದ್ದಾರೆ, ಆಡಿಕೊಳ್ಳಲಿ. ನನ್ನ ತಲೆಯಲ್ಲಿ ಕೂತಿದ್ದು ಬೇರೆ. ಒಬ್ಬ ಹೆಂಗಸು ನಡುಗಲು ಶುರು ಮಾಡಿದಾಗ ಇದು ದೇವರು, ಇದು ದೆವ್ವ, ಇದು ಕಾಯಿಲೆ, ಇದು ಬರೀ ನಾಟಕ ಅಂತ ತೀರ್ಪು ಕೊಡುವವರು ಯಾರು? ಅವಳಿಗೆ ಮುಂದಿನ ದಾರಿ ಹೇಳಿಕೊಡುವವರು ಯಾರು? ಕೊನೆಗೆ ದುಡ್ಡು ಯಾರ ಕೈಗೆ ಹೋಗುತ್ತದೆ?

ಕೊರಿಯಾದ ಕಥೆ ಮೊದಲು ಹೇಳುತ್ತೇನೆ, ಯಾಕೆಂದರೆ ಅಲ್ಲಿ ಉತ್ತರ ನಮ್ಮದಕ್ಕೆ ಪೂರ್ತಿ ಉಲ್ಟಾ.

ಅಲ್ಲಿ ಇವರಿಗೆ ಮುದಾಂಗ್ ಅನ್ನುತ್ತಾರೆ. ಗಂಡಸರೂ ಇದ್ದಾರೆ, ಆದರೆ ಬಹುಪಾಲು ಹೆಂಗಸರೇ. ಶುರುವಾಗುವುದು ನಮ್ಮಲ್ಲಿ ಶುರುವಾಗುವ ಹಾಗೇ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಬಂದರೂ ವಿಚಿತ್ರ ಕನಸು, ಮೈಯಲ್ಲಿ ತ್ರಾಣ ಇಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಮನೆ ಬಿಟ್ಟು ಅಲೆಯುತ್ತಾಳೆ. ಯಾವ ಔಷಧಿಗೂ ಬಗ್ಗುವುದಿಲ್ಲ. ದೇವರು ಕೊಟ್ಟ ಕಾಯಿಲೆ ಅಂತ ಅದಕ್ಕೊಂದು ಹೆಸರೇ ಇದೆ, ಷಿನ್‌ಬ್ಯೋಂಗ್. ಇಲ್ಲಿಯವರೆಗೆ ಮಳವಳ್ಳಿಯೂ ಕೊರಿಯಾವೂ ಒಂದೇ. ಆಮೇಲೆ ಅವಳನ್ನು ಕರೆದುಕೊಂಡು ಹೋಗುವುದು ಅನುಭವ ಇರುವ ಒಬ್ಬ ಮುದಾಂಗ್ ಹತ್ತಿರ, ಅಂದರೆ ಹೆಚ್ಚಾಗಿ ಇನ್ನೊಬ್ಬ ಹೆಂಗಸಿನ ಹತ್ತಿರ. ಆ ಹೆಂಗಸಿಗೂ ಹಿಂದೆ ಇದೇ ಕಾಯಿಲೆ ಬಂದು ಹೋಗಿರುತ್ತದೆ. ಇದು ಏನು ಅಂತ ಅವಳು ಹೇಳುತ್ತಾಳೆ. ದೇವರೇ ಅಂತ ಆದರೆ ದೀಕ್ಷೆ ಕೊಡಿಸುತ್ತಾಳೆ. ಆವತ್ತಿನಿಂದ ಅವಳು ದೇವರ ತಾಯಿ, ಇವಳು ದೇವರ ಮಗಳು. ಮಗಳು ತಾಯಿಯ ಜೊತೆ ಊರೂರು ಸುತ್ತಿ ಹಾಡು, ಕುಣಿತ, ಎಡೆ ಇಡುವ ಕ್ರಮ, ಯಾವ ದೇವರಿಗೆ ಯಾವ ಬಟ್ಟೆ, ಬಂದವರನ್ನು ಮಾತಾಡಿಸುವುದು ಹೇಗೆ ಎಲ್ಲವನ್ನೂ ವರ್ಷಗಟ್ಟಲೆ ಕಲಿಯುತ್ತಾಳೆ. ಮೈ ನಡುಗಿದರೆ ಸಾಲದು. ಕೆಲಸ ಬರಬೇಕು.

ಅವರ ಪೂಜೆಗೆ ಗುತ್ ಅಂತ ಹೆಸರು. ಸುಮ್ನೆ ಕೈಮುಗಿದು ಕೂರುವ ಪೂಜೆ ಅಲ್ಲ ಅದು. ಮುದಾಂಗ್ ಒಂದಾದ ಮೇಲೆ ಒಂದು ಉಡುಪು ಬದಲಾಯಿಸುತ್ತಾ ಒಬ್ಬೊಬ್ಬ ದೇವರಾಗುತ್ತಾಳೆ. ಸೇನಾಪತಿ ದೇವರು ಬಂದಾಗ ಕೆಲವರು ಬರಿಗಾಲಲ್ಲಿ ಕತ್ತಿಯ ಅಲಗಿನ ಮೇಲೆ ನಿಲ್ಲುತ್ತಾರೆ. ಆ ಕತ್ತಿ ಯಾವುದು ಗೊತ್ತಾ? ದನಕ್ಕೆ ಹುಲ್ಲು ಕತ್ತರಿಸುವ ಕತ್ತಿ. ನಮ್ಮ ಕೊಟ್ಟಿಗೆಗಳಲ್ಲಿ ಮೇವು ಕತ್ತರಿಸುವುದನ್ನು ನೋಡಿದವರಿಗೆ ಅದರ ಹರಿತ ಎಷ್ಟಿರುತ್ತದೆ ಅಂತ ಹೇಳಬೇಕಾಗಿಲ್ಲ.

ನನಗೆ ಅದಕ್ಕಿಂತ ಇಷ್ಟವಾಗಿದ್ದು ತೇಗಂ ಅನ್ನುವ ದೇವರು. ಇವನು ದುರಾಸೆಯ ಅಧಿಕಾರಿ. ಹಳೇ ಕಾಲದ ಸರ್ಕಾರಿ ಟೋಪಿ ಇಟ್ಟುಕೊಂಡು, ಬೀಸಣಿಗೆ ಹಿಡಿದುಕೊಂಡು ಬರುತ್ತಾನೆ. ಅಂದರೆ ಬರುತ್ತಾಳೆ. ಬಂದವನೇ ಗೊಣಗಲು ಶುರು. ಇಷ್ಟೇನಾ ಇಟ್ಟಿರೋದು, ಹಂದಿ ತಲೆ ಇಷ್ಟು ಸಣ್ಣದಾ, ಹೆಂಡ ಎಲ್ಲಿ, ದುಡ್ಡು ಎಲ್ಲಿ. ಮನೆಯ ಹೆಂಗಸರು ಬಿಡುತ್ತಾರಾ? ಅವರೂ ಸಂತೆಯಲ್ಲಿ ಚೌಕಾಸಿ ಮಾಡುವವರೇ. ಕೊಟ್ಟಿದ್ದೀವಲ್ಲ ತಗೋ, ಮೊದಲು ಲಾಭ ತೋರಿಸು ಆಮೇಲೆ ಕೇಳು ಅಂತ ದೇವರ ಜೊತೆಯೇ ವಾದಕ್ಕೆ ನಿಲ್ಲುತ್ತಾರೆ. ನಗು, ಕೇಕೆ, ನಡುವೆ ಒಂದೊಂದು ನೋಟು. ಒಂದು ಹಂತದಲ್ಲಿ ಮನೆಯ ಹೆಂಗಸರೇ ಮುದಾಂಗ್‌ಳ ಉಡುಪು ಹಾಕಿಕೊಂಡು ಸುಸ್ತಾಗುವವರೆಗೆ ಕುಣಿಯುತ್ತಾರೆ. ಹಾಗೆ ಕುಣಿದವರನ್ನು ಯಾರೂ ಹುಚ್ಚಿ ಅನ್ನುವುದಿಲ್ಲ, ಅದು ಪೂಜೆಯ ಭಾಗವೇ.

ಕೊರಿಯಾದ ದಕ್ಷಿಣದ ಕಡೆ, ಚೊಲ್ಲಾ ಪ್ರಾಂತ್ಯದಲ್ಲಿ, ಇನ್ನೊಂದು ಬಗೆ ಇದೆ. ಅಲ್ಲಿ ದೇವರು ಮೈಮೇಲೆ ಬರಬೇಕಾಗಿಯೇ ಇಲ್ಲ, ಅದು ಮನೆತನದ ಕಸುಬು. ಅತ್ತೆ ಸೊಸೆಗೆ ಕಲಿಸುತ್ತಾಳೆ. ಹೆಂಗಸು ಮುಂದೆ ನಿಂತು ಹಾಡಿ ಕುಣಿಯುತ್ತಾಳೆ, ಗಂಡಸರು ಹಿಂದೆ ಕೂತು ಚಂಡೆ ಬಾರಿಸುತ್ತಾರೆ. ಕೊರಿಯಾದ ಪ್ರಸಿದ್ಧ ಕಥಾಗಾಯನ ಪನ್ಸೋರಿಯ ಬೇರು ಈ ಮನೆತನಗಳ ಸಂಗೀತದಲ್ಲೇ ಇದೆ ಅಂತ ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಅತ್ತೆಯ ವಿದ್ಯೆ ಸೊಸೆಗೆ! ನಮ್ಮ ಕಡೆ ಅತ್ತೆ ಸೊಸೆಗೆ ಬೀರುವಿನ ಕೀ ಕೊಡುವುದಕ್ಕೇ ಹತ್ತು ವರ್ಷ ಬೇಕು.

ಹಾಗಂತ ಕೊರಿಯಾ ಹೆಂಗಸರ ಸ್ವರ್ಗ ಅಂದುಕೊಳ್ಳಬೇಡಿ. 1392ರಿಂದ 1910ರವರೆಗೆ ಆಳಿದ ಜೋಸನ್ ರಾಜರು ಚೀನಾದ ತತ್ವಜ್ಞಾನಿ ಕನ್‌ಫ್ಯೂಷಿಯಸ್‌ನ ಹಾದಿಯವರು. ಹಿರಿಯರ ಪೂಜೆ ಗಂಡಸರ ಕೈಗೆ ಹೋಯಿತು, ಮುದಾಂಗ್‌ಗಳು ಸಮಾಜದ ಅತಿ ಕೆಳಗಿನ ಸ್ತರಕ್ಕೆ ಹೋದರು. ರಾಜಧಾನಿಯ ಕೋಟೆಯೊಳಗೆ ಅವರು ಇರಕೂಡದು ಅಂತ ಆಜ್ಞೆ. ಆದರೆ ಅವರಿಂದ ತೆರಿಗೆ ಮಾತ್ರ ವಸೂಲಿ ಮಾಡುತ್ತಿದ್ದರು. ಮುದಾಂಗ್ ತೆರಿಗೆ ಅಂತಲೇ ಒಂದು ಇತ್ತು. ಇತ್ತ ಅರಮನೆಯ ರಾಣಿಯರು ಗುಟ್ಟಾಗಿ ಅವರನ್ನೇ ಕರೆಸಿಕೊಳ್ಳುತ್ತಿದ್ದರು. ಕೊನೆಗಾಲದ ರಾಣಿ ಮಿನ್ ಅಂತೂ ಒಬ್ಬ ಮುದಾಂಗ್‌ಳನ್ನು ಬಹಿರಂಗವಾಗಿಯೇ ಪೋಷಿಸಿದಳು. ಇದನ್ನು ಓದಿದಾಗ ನಮ್ಮೂರ ಹಬ್ಬವೇ ಕಣ್ಣಮುಂದೆ ಬಂತು. ತಮಟೆ ಇಲ್ಲದೆ ದೇವರು ಬರುವುದಿಲ್ಲ, ತಮಟೆಯವರು ಮಾತ್ರ ಗುಡಿಯ ಒಳಗೆ ಬರಬಾರದು. ಎಲ್ಲಾ ಕಡೆ ಇದೇ ಬುದ್ಧಿ.

ಕಿಮ್ ಗೂಮ್‌ಹ್ವಾ ಅಂತ ಒಬ್ಬರಿದ್ದರು. 1931ರಲ್ಲಿ ಹುಟ್ಟಿದ್ದು ಈಗಿನ ಉತ್ತರ ಕೊರಿಯಾಕ್ಕೆ ಸೇರಿದ ಹ್ವಾಂಗ್‌ಹೇ ಪ್ರಾಂತ್ಯದಲ್ಲಿ. ಚಿಕ್ಕ ವಯಸ್ಸಿಗೇ ಮದುವೆ, ಅತ್ತೆ ಮನೆಯ ಕಾಟ, ಆಮೇಲೆ ಕಾಯಿಲೆ. 17ರ ವಯಸ್ಸಿನಲ್ಲಿ ಅವರಿಗೆ ದೀಕ್ಷೆ ಕೊಟ್ಟಿದ್ದು ಸ್ವಂತ ಅಜ್ಜಿ, ತಾಯಿಯ ತಾಯಿ. ಆಕೆಯೂ ಮುದಾಂಗ್. ಯುದ್ಧದ ಕಾಲದಲ್ಲಿ ದಕ್ಷಿಣಕ್ಕೆ ಬಂದರು. 1970ರ ದಶಕದಲ್ಲಿ ಪಾರ್ಕ್ ಚುಂಗ್ ಹೀ ಸರ್ಕಾರ ಹಳ್ಳಿಗಳನ್ನು ಆಧುನಿಕ ಮಾಡುತ್ತೇವೆ ಅಂತ ಹೊರಟಾಗ ಮೂಢನಂಬಿಕೆ ನಿರ್ಮೂಲನೆಯ ಹೆಸರಲ್ಲಿ ಗುಡಿಗಳನ್ನು ಕೆಡವಿದರು. ಗುತ್ ನಡೆಯುತ್ತಿದ್ದ ಜಾಗಕ್ಕೆ ಪೊಲೀಸರು ನುಗ್ಗುತ್ತಿದ್ದರು. ಆಗ ಓಡಿ ತಪ್ಪಿಸಿಕೊಂಡವರಲ್ಲಿ ಈಕೆಯೂ ಒಬ್ಬರು. 1985ರಲ್ಲಿ ಅದೇ ದೇಶದ ಸರ್ಕಾರ ಅವರನ್ನು ರಾಷ್ಟ್ರದ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿತು. ಪಶ್ಚಿಮ ಕರಾವಳಿಯ ಮೀನುಗಾರರು ದೋಣಿಗಳ ಕ್ಷೇಮಕ್ಕೆ, ಒಳ್ಳೆಯ ಬೇಟೆಗೆ ಮಾಡಿಸುವ ಗುತ್‌ಗೆ ಅವರೇ ಅಧಿಕೃತ ಗುರು. 2019ರಲ್ಲಿ ತೀರಿಕೊಂಡರು. ನಡುವೆ ಅವರ ಮೈಮೇಲೆ ಬರುವ ದೇವರೇನೂ ಬದಲಾಗಿರಲಿಲ್ಲ, ತೀರ್ಪು ಕೊಡುವವರ ಮನಸ್ಸು ಬದಲಾಗಿತ್ತು ಅಷ್ಟೇ.

ಓಕಿನಾವಾದ ಕಥೆ ಇನ್ನೂ ಮಜಾ ಇದೆ. ಈಗ ಜಪಾನಿಗೆ ಸೇರಿರುವ ಈ ದ್ವೀಪಗಳಲ್ಲಿ ಹಿಂದೆ ರ್ಯುಕ್ಯೂ ಅನ್ನುವ ರಾಜ್ಯ ಇತ್ತು. 1477ರಲ್ಲಿ ಪಟ್ಟಕ್ಕೆ ಬಂದ ಷೋ ಷಿನ್ ರಾಜ ತನ್ನ ಸ್ವಂತ ತಂಗಿಯನ್ನೇ ಇಡೀ ರಾಜ್ಯದ ಮಹಾ ಪೂಜಾರಿಣಿ ಮಾಡಿದ. ಅವಳ ಕೆಳಗೆ ಹಳ್ಳಿಹಳ್ಳಿಗೂ ನೊರೊ ಅನ್ನುವ ಪೂಜಾರಿಣಿಯರು. ಅರಮನೆಯಿಂದಲೇ ನೇಮಕಪತ್ರ, ಬದುಕಲು ಜಮೀನು. ಸೇಫಾ ಉತಾಕಿ ಅನ್ನುವ ದೊಡ್ಡ ದೇವರ ಬನದಲ್ಲಿ ಗಂಡಸರಿಗೆ ಪ್ರವೇಶವೇ ಇರಲಿಲ್ಲ. ಈಗ ಅದು ವಿಶ್ವ ಪರಂಪರೆಯ ತಾಣ, ಟಿಕೆಟ್ ತಗೊಂಡು ಯಾರು ಬೇಕಾದರೂ ಹೋಗಬಹುದು. ಅಣ್ಣನನ್ನು ಕಾಯುವ ಶಕ್ತಿ ತಂಗಿಯಲ್ಲಿದೆ ಅನ್ನುವುದು ಅವರ ನಂಬಿಕೆ. ನಮ್ಮಲ್ಲಿ ಅಣ್ಣ ತಂಗಿಯನ್ನು ಕಾಯುತ್ತಾನೆ ಅಂತ ರಾಖಿ ಕಟ್ಟಿಸುತ್ತೇವಲ್ಲ, ಅದರ ಉಲ್ಟಾ.

ನೊರೊಗಳು ಸರ್ಕಾರಿ ನೌಕರರಾದರೆ ಯುಟಾಗಳು ಪ್ರೈವೇಟ್. ಇವರೂ ಹೆಚ್ಚಾಗಿ ಹೆಂಗಸರೇ. ಮೈಮೇಲೆ ಬರುವುದು, ಸತ್ತವರ ಮಾತು ಹೇಳುವುದು, ಮನೆಯ ತೊಂದರೆಗೆ ಕಾರಣ ಹುಡುಕುವುದು ಇವರ ಕೆಲಸ. ರಾಜರೂ ಇವರನ್ನು ಕಾಡಿದರು, 1879ರಲ್ಲಿ ದ್ವೀಪಗಳನ್ನು ವಶ ಮಾಡಿಕೊಂಡ ಜಪಾನಿನವರೂ ಕಾಡಿದರು. ಆದರೆ ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದು ಯುಟಾಗಳೇ. ಅರ್ಧ ಡಾಕ್ಟರ್, ಅರ್ಧ ಯುಟಾ ಅಂತ ಅಲ್ಲಿ ಗಾದೆಯೇ ಇದೆಯಂತೆ. ಕುದಾಕಾ ದ್ವೀಪದಲ್ಲಿ 30 ದಾಟಿದ ಹೆಂಗಸರಿಗೆ 12 ವರ್ಷಕ್ಕೊಮ್ಮೆ ನಡೆಯುತ್ತಿದ್ದ ದೀಕ್ಷೆಯ ಹಬ್ಬ ಮಾತ್ರ 1978ಕ್ಕೆ ನಿಂತುಹೋಯಿತು. ಹುಡುಗಿಯರು ಓದಿ, ಕೆಲಸ ಹುಡುಕಿಕೊಂಡು ಊರು ಬಿಟ್ಟರೆ ಇನ್ನೇನಾಗುತ್ತದೆ. ನಾನೂ ಅದೇ ತಾನೇ ಮಾಡಿದ್ದು.

ಹೀಗೆ ದೇವರ ಕೆಲಸಕ್ಕೆ ಅಕ್ಕತಂಗಿ, ಆಡಳಿತಕ್ಕೆ ಅಣ್ಣತಮ್ಮ ಅನ್ನುವ ಜೋಡಿ ಜಪಾನಿನಲ್ಲಿ ಬಹಳ ಹಳೆಯದು. 3ನೇ ಶತಮಾನದ ಹಿಮಿಕೊ ರಾಣಿಯ ಬಗ್ಗೆ ಚೀನಾದ ದಾಖಲೆಯಲ್ಲೇ ಇದೆ. ಗಂಡಸರು ರಾಜರಾಗಿ ವರ್ಷಗಟ್ಟಲೆ ಹೊಡೆದಾಡಿಕೊಂಡ ಮೇಲೆ ಎಲ್ಲರೂ ಸೇರಿ ದೇವರ ಜೊತೆ ಮಾತಾಡುವ ಈ ಹೆಂಗಸನ್ನು ಪಟ್ಟಕ್ಕೆ ಕೂರಿಸಿದರು. ಮದುವೆ ಆಗಲಿಲ್ಲ, ಹೊರಗೆ ಕಾಣಿಸಿಕೊಳ್ಳುತ್ತಿರಲಿಲ್ಲ, ತಮ್ಮ ಆಡಳಿತ ನೋಡಿಕೊಳ್ಳುತ್ತಿದ್ದ. ಅವಳು ಸತ್ತ ಮೇಲೆ ಒಬ್ಬ ಗಂಡಸನ್ನು ರಾಜ ಮಾಡಿದರು. ಮತ್ತೆ ಹೊಡೆದಾಟ. ಕೊನೆಗೆ ಅವಳ ಕುಲದ 13 ವರ್ಷದ ಹುಡುಗಿಯನ್ನು ತಂದು ಕೂರಿಸಿದ ಮೇಲೆ ಊರು ತಣ್ಣಗಾಯಿತಂತೆ.

ರಾಣಿಯರ ಕಥೆ ಬಿಡಿ, ನನಗೆ ಹೊಟ್ಟೆಗೆ ತಾಕಿದ್ದು ಇಟಾಕೊಗಳ ಕಥೆ. ಜಪಾನಿನ ಈಶಾನ್ಯದಲ್ಲಿ ಸಿಡುಬು, ದಡಾರದಂಥ ರೋಗಗಳಿಂದ ಕಣ್ಣು ಕಳೆದುಕೊಂಡ ಹೆಣ್ಣುಮಕ್ಕಳನ್ನು ತಂದೆ ತಾಯಿ ಒಬ್ಬ ಹಿರಿಯ ಇಟಾಕೊ ಹತ್ತಿರ ಬಿಡುತ್ತಿದ್ದರು. ಮೈನೆರೆಯುವ ಮೊದಲೇ. ಹುಡುಗಿ ಗುರುವಿನ ಮನೆಯ ಕೆಲಸ ಮಾಡಿಕೊಂಡು ಮಂತ್ರ, ಹಾಡುಗಳನ್ನು ಕಿವಿಯಿಂದಲೇ ಕೇಳಿ ಬಾಯಿಪಾಠ ಮಾಡಬೇಕು. ದೀಕ್ಷೆಗೆ ಮುಂಚೆ ದಿನಗಟ್ಟಲೆ ತಣ್ಣೀರನ್ನು ತಲೆ ಮೇಲೆ ಸುರಿದುಕೊಳ್ಳಬೇಕು, ಅದೂ ಆ ಚಳಿಯಲ್ಲಿ, ಅರೆಹೊಟ್ಟೆಯಲ್ಲಿ. ದೀಕ್ಷೆಯ ದಿನ ಮದುವಣಗಿತ್ತಿಯ ಹಾಗೆ ಸಿಂಗಾರ, ಮದುವೆ ದೇವರ ಜೊತೆ. ಆಮೇಲೆ ಅವಳ ಕೈಗೆ ಒಂದು ಉದ್ದನೆಯ ಜಪಮಾಲೆ. ಮಣಿಗಳ ಜೊತೆ ಪ್ರಾಣಿಗಳ ದವಡೆ ಮೂಳೆ, ಕೊಂಬು, ಹಳೇ ನಾಣ್ಯ ಪೋಣಿಸಿರುತ್ತಾರೆ. ಅದನ್ನು ಉಜ್ಜುತ್ತಾ ಸತ್ತವರನ್ನು ಕರೆದು ಅವರ ಮಾತನ್ನು ಇವಳು ಆಡುತ್ತಾಳೆ. ಅವೊಮೊರಿಯ ಒಸೊರೆಜಾನ್ ಬೆಟ್ಟದಲ್ಲಿ ಜುಲೈ 20ರಿಂದ 24ರವರೆಗೆ ಜಾತ್ರೆ. ತೀರಿಹೋದ ಮಗುವಿನ ದನಿ ಕೇಳಲು ಬಂದವರು ಅವರ ಮುಂದೆ ಸಾಲಾಗಿ ಕೂರುತ್ತಿದ್ದರು.

ಇದನ್ನು ಕ್ರೂರ ಅನ್ನಬೇಕೋ ಉಪಕಾರ ಅನ್ನಬೇಕೋ ನನಗೆ ಬಗೆಹರಿದಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಹುಡುಗಿಗೆ ಇನ್ನೇನು ಗತಿ ಇತ್ತು? ಇಲ್ಲಿ ಅವಳಿಗೆ ವಿದ್ಯೆ ಸಿಕ್ಕಿತು, ಅನ್ನ ಸಿಕ್ಕಿತು, ಮುಪ್ಪಿನಲ್ಲಿ ಶಿಷ್ಯೆಯರು ಸಿಕ್ಕರು. 1873ರಲ್ಲಿ ಮೇಜಿ ಸರ್ಕಾರ ಇಂಥ ಕಸುಬುಗಳನ್ನೇ ನಿಷೇಧಿಸಿತು, ಆದರೂ ಕದ್ದುಮುಚ್ಚಿ ನಡೆಯಿತು. ಕೊನೆಗೆ ಅವರ ಸಂಖ್ಯೆ ಇಳಿಸಿದ್ದು ಕಾನೂನಿಗಿಂತ ಲಸಿಕೆ ಮತ್ತು ಅಂಧ ಮಕ್ಕಳ ಶಾಲೆ. ಈಗ ಉಳಿದವರು ಬೆರಳೆಣಿಕೆಯಷ್ಟು. ಒಳ್ಳೆಯದೇ ಆಯಿತು.

ಬೇರೆ ಕಡೆಯದನ್ನು ಬೇಗ ಹೇಳಿಬಿಡುತ್ತೇನೆ. ಫಿಲಿಪ್ಪೀನ್ಸ್‌ನಲ್ಲಿ ಬಬಾಯ್ಲಾನ್ ಅನ್ನುವ ಹೆಂಗಸರು ಊರಿನ ವೈದ್ಯೆಯರೂ ಪೂಜಾರಿಣಿಯರೂ ಆಗಿದ್ದರು. 16ನೇ ಶತಮಾನದಲ್ಲಿ ಸ್ಪೇನಿನ ಪಾದ್ರಿಗಳು ಬಂದು ಅವರನ್ನೆಲ್ಲ ಮಾಟಗಾತಿಯರು ಅಂದರು. ವಿಯೆಟ್ನಾಮಿನಲ್ಲಿ ಮಾತೃದೇವತೆಗಳ ಪೂಜೆಯಲ್ಲಿ ದೇವರು ಬಂದವಳು ಎದುರಿಗೆ ಕೂತ ಜನಕ್ಕೆ ನೋಟು, ಹಣ್ಣು, ಬಿಸ್ಕತ್ತು ಎಸೆಯುತ್ತಾಳೆ. ದೇವರೇ ದುಡ್ಡು ಕೊಡುವ ಪದ್ಧತಿ, ನಮ್ಮ ಹುಂಡಿಗಳಿಗೆ ಹೇಳಿ ಸ್ವಲ್ಪ. ಅದನ್ನೂ ಅಲ್ಲಿನ ಸರ್ಕಾರ ಹಿಂದೆ ಮೂಢನಂಬಿಕೆ ಅಂತ ತಡೆದಿತ್ತು, 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸೈಬೀರಿಯಾದಲ್ಲಿ ಯಾಕುತ್ ಜನರ ಗಂಡು ಷಾಮನ್‌ಗಳ ಅಂಗಿಯ ಮೇಲೆ ಎದೆಯ ಜಾಗದಲ್ಲಿ ಎರಡು ಕಬ್ಬಿಣದ ಬಿಲ್ಲೆ ಇರುತ್ತಿದ್ದವು, ಹೆಂಗಸಿನ ಎದೆಯ ಗುರುತಿಗೆ. ಕೊರಿಯಾದ ಗಂಡು ಮುದಾಂಗ್‌ಗಳೂ ಪೂಜೆಯ ಹೊತ್ತಿಗೆ ಹೆಣ್ಣುಡುಗೆ ತೊಡುತ್ತಾರೆ. ಬರ್ಮಾದಲ್ಲಿ ನಾಟ್ ದೇವರುಗಳ ಹೆಂಡತಿಯರು ಅನ್ನಿಸಿಕೊಳ್ಳುವವರಲ್ಲಿ ಹಿಂದೆ ಹೆಂಗಸರು ಜಾಸ್ತಿ, ಈಗ ಹೆಣ್ಣುಡುಗೆಯ ಗಂಡಸರು ಜಾಸ್ತಿ. ನಮಗೆ ಇದು ಅರ್ಥವಾಗದ ಸಂಗತಿ ಅಲ್ಲ. ಎಲ್ಲಮ್ಮನ ಜೋಗಪ್ಪಗಳನ್ನು ನೋಡಿದವರು ನಾವು, 2021ರಲ್ಲಿ ಮಂಜಮ್ಮ ಜೋಗತಿ ಅವರು ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ತಗೊಂಡಿದ್ದನ್ನು ಟಿವಿಯಲ್ಲಿ ನೋಡಿ ಖುಷಿಪಟ್ಟವರು.

ಎಷ್ಟು ಹಳೆಯದು ಇದು ಅಂದರೆ, ಪಶ್ಚಿಮ ಏಷ್ಯಾದ ಹಿಲಜೋನ್ ತಖ್ತಿತ್ ಅನ್ನುವ ಗುಹೆಯಲ್ಲಿ ಸುಮಾರು 12,000 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿದೆ. 45ರ ಆಸುಪಾಸಿನ, ನೆಟ್ಟಗೆ ನಡೆಯಲಾಗದ ಹೆಂಗಸು. ಅವಳ ಜೊತೆ 50 ಆಮೆಗಳ ಚಿಪ್ಪು, ಹದ್ದಿನ ರೆಕ್ಕೆ, ಚಿರತೆಯ ಸೊಂಟದ ಮೂಳೆ, ಇನ್ನೊಬ್ಬ ಮನುಷ್ಯನ ಇಡೀ ಪಾದ. 2008ರಲ್ಲಿ ಇದನ್ನು ಪ್ರಕಟಿಸಿದ ಪುರಾತತ್ವದವರು ಇವಳು ಷಾಮನ್ ಇರಬೇಕು ಅಂದರು. ಇರಬಹುದು. ಬೇರೆ ಯಾರಿಗೂ ಇಲ್ಲದ ಮರ್ಯಾದೆ ಅವಳಿಗೆ ಸಿಕ್ಕಿತ್ತು ಅನ್ನುವುದಂತೂ ಗ್ಯಾರಂಟಿ.

ಈಗ ನಮ್ಮ ಕಡೆಗೆ ಬರೋಣ.

ದಕ್ಷಿಣ ಭಾರತದಲ್ಲಿ ಮೈಮೇಲೆ ದೇವರು ಬರುವ ಹೆಂಗಸರಿಗೆ ಬರ ಇಲ್ಲ. ಬರ ಇರುವುದು ಹುದ್ದೆಗೆ. ತುಳುನಾಡಿನ ಭೂತಕೋಲದಲ್ಲಿ ಹೆಣ್ಣು ದೈವದ ವೇಷವನ್ನೂ ಕಟ್ಟುವವರು ಗಂಡಸರು. ಕೇರಳದ ತೆಯ್ಯಂನಲ್ಲೂ ಹಾಗೇ, ಕಣ್ಣೂರಿನ ತೆಕ್ಕುಂಬಾಡ್‌ನಲ್ಲಿ ಹೆಂಗಸು ಕಟ್ಟುವ ದೇವಕೂತ್ತು ಒಂದು ಬಿಟ್ಟು. ತುಳುನಾಡಿನದೇ ಸಿರಿ ಜಾತ್ರೆ ನೋಡಿ. ಕವತ್ತಾರು, ಹಿರಿಯಡ್ಕದಂಥ ಕಡೆ ನೂರಾರು ಹೆಂಗಸರು ಹಿಂಗಾರ ಹಿಡಿದು ಒಟ್ಟಿಗೆ ಆವೇಶಕ್ಕೆ ಬರುತ್ತಾರೆ. ಅವರ ಮೈಮೇಲೆ ಬರುವ ಸಿರಿ ಎಂಥವಳು? ಕೆಟ್ಟ ಗಂಡನನ್ನು ಸಭೆಯಲ್ಲೇ ಬಿಟ್ಟು, ಎರಡನೇ ಮದುವೆಯಾದವಳು. ಇಷ್ಟು ಗಟ್ಟಿ ಹೆಂಗಸಿನ ಜಾತ್ರೆಯಲ್ಲೂ ಹೊಸದಾಗಿ ನಡುಗುವವಳನ್ನು ಎದುರಿಗೆ ನಿಲ್ಲಿಸಿಕೊಂಡು ನೀನು ಯಾರು, ಹೆಸರು ಹೇಳು, ಯಾಕೆ ಬಂದೆ ಅಂತ ಪ್ರಶ್ನೆ ಹಾಕುವವನು ಕುಮಾರ, ಅಂದರೆ ಸಿರಿಯ ಮಗ ಕುಮಾರ ಮೈಮೇಲೆ ಬರುವ ಪಾತ್ರಿ. ಅವನು ಗಂಡಸು. ಗದ್ದೆಯಲ್ಲಿ ನಾಟಿ ಮಾಡುತ್ತಾ ಈ ಕಥೆಯನ್ನು ಹಾಡುವವರು ಹೆಂಗಸರು, ಆದರೆ 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ದಾಖಲಿಸಿಕೊಂಡು 1998ರಲ್ಲಿ ಪ್ರಕಟಿಸಿದ 15,683 ಸಾಲಿನ ಸಿರಿ ಮಹಾಕಾವ್ಯವನ್ನು ಹಾಡಿದ್ದು ಗೋಪಾಲ ನಾಯ್ಕರು. ಅವರ ನೆನಪಿನ ಶಕ್ತಿಗೆ ಕೈಮುಗಿಯಲೇಬೇಕು. ಆದರೂ ನೋಡಿ.

ನಮ್ಮ ಮಂಡ್ಯ ಸೀಮೆಯಲ್ಲಿ ಆ ಜಾಗದಲ್ಲಿ ಇರುವವನು ಗುಡ್ಡಪ್ಪ. ದೇವರ ಕಳಶ ಹೊರುವವನು ಅವನು, ಕೊಂಡಕ್ಕೆ ಮೊದಲು ಇಳಿಯುವವನು ಅವನು, ಅಪ್ಪಣೆ ಹೇಳುವವನು ಅವನು. ಹೆಂಗಸರು ಉಪವಾಸ ಇದ್ದು ತಂಬಿಟ್ಟಿನ ಆರತಿ ಹೊರುತ್ತಾರೆ, ಹರಕೆ ಹೊತ್ತು ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ. ನೋವಿನ ಭಾಗ ಪೂರ್ತಿ ಇದೆ, ಹುದ್ದೆ ಇಲ್ಲ.

ನನ್ನ ಸೋದರತ್ತೆಯ ಮೈಮೇಲೆ ಮಾರಮ್ಮ ಬರುತ್ತದೆ. ಮೊದಲ ಸಲ ಬಂದಾಗ ಅವರು ಹೊಸ ಸೊಸೆ. ಮನೆಯವರು ದೆವ್ವ ಅಂದರು. ಬಾವಿ ಹತ್ತಿರ ಹೋಗಿದ್ದಳು, ತಲೆ ಕೆದರಿಕೊಂಡಿದ್ದಳು, ಹೊತ್ತು ಮುಳುಗಿತ್ತು, ಇನ್ನೇನು ಸಾಕ್ಷಿ ಬೇಕು? ಪಕ್ಕದೂರಿನ ಒಬ್ಬ ಗಂಡಸಿನ ಹತ್ತಿರ ಕರೆದುಕೊಂಡು ಹೋದರು. ಅವನು ಬೇವಿನ ಕಡ್ಡಿಯ ಬರಲಿನಿಂದ ಹೊಡೆದ. ಬಿಟ್ಟು ಹೋಗ್ತೀಯಾ ಇಲ್ವಾ ಅಂತ ಕೇಳುತ್ತಾ ಹೊಡೆದ. ಆ ಗುರುತು ಇವತ್ತಿಗೂ ಅತ್ತೆಯ ಎಡಗೈ ಮೇಲೆ ಇದೆ, ಬಳೆ ಸರಿದಾಗ ಕಾಣುತ್ತದೆ. ಹೀಗೆ ವರ್ಷಗಳು ಹೋದವು. ಆಮೇಲೆ ಒಂದು ಹಬ್ಬದಲ್ಲಿ ಕೊಂಡದ ಮುಂದೆ ಅತ್ತೆ ನಡುಗಿದಾಗ ಗುಡ್ಡಪ್ಪನೇ ಬಂದು ಅವರ ಹಣೆಗೆ ಭಂಡಾರ ಹಚ್ಚಿ "ಇದು ತಾಯಿ ಕಣ್ರೋ" ಅಂದುಬಿಟ್ಟ. ಮುಗಿಯಿತು. ಅದೇ ನಡುಕ, ಅದೇ ಕಣ್ಣು, ಅದೇ ಬಿಚ್ಚಿದ ಕೂದಲು. ನಿನ್ನೆಯವರೆಗೆ ಬರಲಿನ ಏಟು, ಇವತ್ತಿನಿಂದ ಕರ್ಪೂರ. ಎರಡೂ ಸಲ ತೀರ್ಪು ಕೊಟ್ಟಿದ್ದು ಒಬ್ಬ ಗಂಡಸು.

ಅದರಿಂದ ಅತ್ತೆಗೆ ಲಾಭವೇ ಆಯಿತು, ಇಲ್ಲ ಅನ್ನಲ್ಲ. ಮಾವ ಕುಡಿದು ಬಂದು ಕೈ ಎತ್ತುವುದು ನಿಂತಿತು. ಒಂದು ಶುಕ್ರವಾರ ದೇವರು ಬಂದಾಗ ನೇರವಾಗಿ ಅವರ ಹೆಸರು ಹಿಡಿದೇ ಕೂಗಿ, ನನ್ನ ಮಗಳ ಮೈ ಮುಟ್ಟಿದರೆ ನಿನ್ನ ಮನೆಯಲ್ಲಿ ದೀಪ ಹಚ್ಚೋರು ಇರಲ್ಲ ಅಂದಿತ್ತಂತೆ. ಈ ಸೀಮೆಯಲ್ಲಿ ಅಂಥ ಮಾತನ್ನು ಯಾರೂ ಹಗುರವಾಗಿ ತಗೊಳ್ಳಲ್ಲ. ಅಲಮೇಲಮ್ಮನ ಶಾಪಕ್ಕೆ ಅರಮನೆಯವರೇ ನಾಲ್ಕು ಶತಮಾನ ಹೆದರಿದ ಊರು ನಮ್ಮದು, ಇನ್ನು ಮಾವ ಯಾವ ಲೆಕ್ಕ. ಈಗ ಮಂಗಳವಾರ, ಶುಕ್ರವಾರ ಹೆಂಗಸರು ಬರುತ್ತಾರೆ. ಮಗು ಹಾಲು ಕುಡಿಯಲ್ಲ, ಮಗಳಿಗೆ ಗಂಡು ಸಿಕ್ಕಿಲ್ಲ, ಗಂಡನ ಸಾಲ, ಬೋರ್‌ವೆಲ್‌ನಲ್ಲಿ ನೀರಿಲ್ಲ. ಅತ್ತೆ ಕೇಳಿಸಿಕೊಳ್ಳುತ್ತಾರೆ, ಬಹಳ ಹೊತ್ತು ಕೇಳಿಸಿಕೊಳ್ಳುತ್ತಾರೆ. ಕೆಲವರಿಗೆ ನಿಂಬೆಹಣ್ಣು ಕೊಡುತ್ತಾರೆ, ಕೆಲವರಿಗೆ "ಮೊದಲು ಮಂಡ್ಯಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ" ಅನ್ನುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಮುಟ್ಟಿದರೆ ದೇವರು ಬಿಟ್ಟು ಹೋಗುತ್ತದೆ ಅಂತ ಅವರಿಗೆ ಯಾರೋ ಮೊದಲೇ ಹೇಳಿಟ್ಟಿದ್ದಾರೆ. ಬಂದವರು ಕಾಣಿಕೆಯನ್ನು ಗುಡಿಯ ಹುಂಡಿಗೆ ಹಾಕುತ್ತಾರೆ. ಹುಂಡಿಯ ಕೀ ಕಮಿಟಿಯ ಗಂಡಸರ ಹತ್ತಿರ. ಹಬ್ಬದ ಮಾರನೇ ದಿನ ಗುಡ್ಡಪ್ಪನಿಗೆ ಪಂಚೆ, ಟವಲ್, ದಕ್ಷಿಣೆ, ಕುರಿಯಲ್ಲಿ ಪಾಲು. ಅತ್ತೆಗೆ ಒಂದು ತೆಂಗಿನಕಾಯಿ ಹೋಳು.

ಓದಿದವರು ಕೇಳುತ್ತಾರೆ, ಇದೆಲ್ಲ ಮಾನಸಿಕ ಅಲ್ವಾ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, 2022ರಿಂದ ಬಳಕೆಗೆ ಬಂದ 11ನೇ ಆವೃತ್ತಿಯಲ್ಲಿ, ಮೈಮೇಲೆ ಬರುವುದೂ ಇದೆ. ಆದರೆ ಷರತ್ತು ಇದೆ. ಆ ಸಮಾಜ ಒಪ್ಪಿಕೊಂಡ ಆಚರಣೆಯ ಭಾಗವಾಗಿದ್ದರೆ ಅದನ್ನು ರೋಗ ಅನ್ನಬಾರದು. ಸರಿ, ಒಪ್ಪುವ ಸಮಾಜ ಅಂದರೆ ಯಾರು? ಅತ್ತೆಯ ವಿಷಯದಲ್ಲಿ ಆ ಬರಲಿನವನೋ, ಗುಡ್ಡಪ್ಪನೋ? ಡಾಕ್ಟರ ಹತ್ತಿರ ಹೋಗಬೇಕಾದವರು ಖಂಡಿತ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ದೆವ್ವ ಬಿಡಿಸುತ್ತೇನೆ ಅಂತ ಕಟ್ಟಿಹಾಕಿ ಹೊಡೆಯುವುದು ಕರ್ನಾಟಕದಲ್ಲಿ ಈಗ ಅಪರಾಧ, 2017ರ ಕಾಯ್ದೆ, 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯ್ದೆ ಇದೆ ಅಂತ ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಹೋದ ತಿಂಗಳು ಊರಿಗೆ ಹೋದಾಗ ಹಬ್ಬದ ಸಭೆ ಇತ್ತು. ಅರಳಿಕಟ್ಟೆ ಮೇಲೆ ಗಂಡಸರು, ಕೆಳಗೆ ಒಂದು ಪಕ್ಕ ಹೆಂಗಸರು. ವಂತಿಗೆ, ಪೂಜಾ ಕುಣಿತದವರು, ಪೆಂಡಾಲ್, ಸೌಂಡ್ ಸಿಸ್ಟಮ್ ಎಲ್ಲಾ ಆಯಿತು. ನನ್ನ ಅತ್ತೆ ಮಗಳು ಎದ್ದು ನಿಂತಳು. ಅವಳು ಅಂಗನವಾಡಿ ಕೆಲಸದವಳು, ಮಾತಿಗೆ ಹೆದರುವವಳಲ್ಲ. ಈ ಸಲ ಯಾವ ಹುಡುಗಿಯಾದರೂ ಹೊಸದಾಗಿ ನಡುಗಿದರೆ ಯಾರೂ ಕೋಲು, ಬರಲು ಹಿಡಿದು ಹೋಗಬಾರದು, ಮೊದಲು ನಮ್ಮವ್ವನ್ನ ಕರೀಬೇಕು, ಅವಳು ನೋಡಿ ಏನು ಹೇಳುತ್ತಾಳೋ ಅದು, ಆಸ್ಪತ್ರೆಗೆ ಅಂದರೆ ಆಸ್ಪತ್ರೆಗೆ ಅಂದಳು. ಆಮೇಲೆ ಮೆಲ್ಲಗೆ, ಗುಡ್ಡಪ್ಪನಿಗೆ ಪಂಚೆ ಕೊಡುವ ದಿನ ನಮ್ಮವ್ವನಿಗೂ ಒಂದು ಸೀರೆ ಕೊಡಬೇಕು ಅಂತಲೂ ಸೇರಿಸಿದಳು.

ಸೀರೆಯ ಮಾತಿಗೆ ಎಲ್ಲರೂ ಒಟ್ಟಿಗೆ ಪದ್ಧತಿ ಇಲ್ಲ ಅಂದರು. ಮೊದಲನೆಯದಕ್ಕೆ ಗಲಾಟೆ ಆಯಿತು. ಒಬ್ಬ ಯಜಮಾನರು, ಹೆಂಗಸರೇ ನೋಡಿ ಹೆಂಗಸರೇ ಹೇಳೋದಾದರೆ ದಿನಾ ಒಬ್ಬಳ ಮೈಮೇಲೆ ಬರುತ್ತೆ, ಮನೇಲಿ ಮುದ್ದೆ ಬೇಯಿಸೋರು ಯಾರು ಅಂದರು. ಕೆಳಗಿದ್ದ ಹೆಂಗಸರು ಜೋರಾಗಿ ನಕ್ಕರು. ಅದು ಅವರಿಗೆ ಇನ್ನೂ ಸಿಟ್ಟು ತರಿಸಿತು. ಕೊನೆಗೆ ಈಗಿನ ಗುಡ್ಡಪ್ಪ, ಹಳೇ ಗುಡ್ಡಪ್ಪನ ಮಗ, ಬೆಳಿಗ್ಗೆ ಹೊತ್ತು ಹಾಲಿನ ವ್ಯಾನ್ ಓಡಿಸುತ್ತಾನೆ, ಎದ್ದು "ಕರೀರಿ ಅತ್ಲಾಗೆ. ನಂಗೂ ಎಲ್ಲಾ ನೋಡಿ ಹೇಳಿ ಸಾಕಾಗದೆ" ಅಂದ. ಅತ್ತೆ ಅಷ್ಟೂ ಹೊತ್ತು ಒಂದು ಮಾತೂ ಆಡಿರಲಿಲ್ಲ. ಆಗ ಮಾತ್ರ, ಸೀರೆ ಬೇಡ, ಕುರಿ ಪಾಲು ಕಳಿಸಿ, ಮೊಮ್ಮಕ್ಕಳು ಬರ್ತವೆ ಅಂದರು. ಅದನ್ನು ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ. ಹಬ್ಬ ಯುಗಾದಿ ಕಳೆದ ಮೇಲೆ ಇದೆ, ರಜ ಈಗಲೇ ಹಾಕಿದ್ದೇನೆ.